ಹಾರ್ಮೋನ್ ಅಳೆಯುವ ಮಹನೀಯರಿಗೊಂದು ಬಹಿರಂಗ ಪತ್ರ

ಹಾರ್ಮೋನ್ ಟೆಸ್ಟ್ ಮಾಡುವ ಸಕಲ ಲ್ಯಾಬ್‌ಗಳಿಗೆ, ಅವಕ್ಕೆ ಯಂತ್ರ ಮತ್ತು ಕಿಟ್ ಮಾರುವ ಕಂಪನಿಗಳಿಗೆ, ಬೆಂಗಳೂರಿನ ಐವಿಎಫ್ ಕ್ಲಿನಿಕ್ಕೊಂದರಲ್ಲಿ ಟೋಕನ್ ಹಿಡಿದು ಕೂತವಳ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ಧನ್ಯವಾದ. ಒಂದೇ ಜಾತಕಕ್ಕೆ ಎರಡೆರಡು ಭವಿಷ್ಯ ಹೇಳುವ ವಿದ್ಯೆ ಜ್ಯೋತಿಷಿಗಳ ಕೈಯಿಂದ ನಿಮ್ಮ ಕೈಗೆ ದಾಟಿದೆ. ಒಂದೇ ಬೆಳಿಗ್ಗೆ ಕೊಟ್ಟ ರಕ್ತಕ್ಕೆ ಜಯನಗರದ ವರದಿ ಎಗ್ ರಿಸರ್ವ್ ಅಂದಾಜಿಸುವ ಎಎಂಎಚ್ ಹಾರ್ಮೋನ್ 1.02 ಎಂದಿತು, ಮಲ್ಲೇಶ್ವರದ್ದು 1.31. ಡಾಕ್ಟರುಗಳು ನೋಡುವ ಬೊಲೊನ್ಯಾ ಮಾನದಂಡದ (2011) ಮೇಲಿನ ಗೆರೆ 1.1, ಪೊಸೈಡನ್ ಗುಂಪಿನ (2016) ಗೆರೆ 1.2. ಅಂದರೆ ಲಾಲ್‌ಬಾಗಿನ ದಕ್ಷಿಣಕ್ಕೆ ನನ್ನ ಎಗ್ ರಿಸರ್ವ್ ಕಡಿಮೆ, ಉತ್ತರಕ್ಕೆ ಪರವಾಗಿಲ್ಲ. ಡೋನರ್ ಎಗ್ ಬೇಕೋ ಬೇಡವೋ ಎಂಬುದನ್ನು ಇನ್ನು ನಮ್ಮ ಮೆಟ್ರೊದ ಹಸಿರು ಮಾರ್ಗವೇ ತೀರ್ಮಾನಿಸಲಿ. ಇನ್ನೊಂದು ಲ್ಯಾಬು 7.28 ಎಂದು ಬರೆದಾಗಲಂತೂ ನಮ್ಮತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಕೋಮೋಲ್ ಎಂದಿತ್ತು. 7.14ರಿಂದ ಭಾಗಿಸಿದರೆ ಮತ್ತದೇ 1.02 ನ್ಯಾನೋಗ್ರಾಂ.

ತಪ್ಪು ನಿಮ್ಮದಲ್ಲ, ಬಿಡಿ. ಒಂದೊಂದು ಕಿಟ್‌ನ ಪ್ರತಿಕಾಯ ಎಎಂಎಚ್ ಅಣುವಿನ ಒಂದೊಂದು ಭಾಗ ಹಿಡಿಯುತ್ತದೆ. ಒಂದೊಂದು ಕಂಪನಿಗೆ ಅದರದೇ ಕ್ಯಾಲಿಬ್ರೇಟರ್. ವಿಶ್ವ ಆರೋಗ್ಯ ಸಂಸ್ಥೆ 16/190 ಎಂಬ ಆಕರ ಮಾದರಿ ಕೊಟ್ಟು ನೋಡಿತು. ಅದು ಕೆಲವು ವಿಧಾನಗಳಲ್ಲಿ ರೋಗಿಯ ರಕ್ತದಂತೆ ವರ್ತಿಸಿತು, ಕೆಲವುಗಳಲ್ಲಿ ಇಲ್ಲ. ಪಾಪ, ಅದಕ್ಕೆ ಅಂತಾರಾಷ್ಟ್ರೀಯ ಮಾನಕದ ಪಟ್ಟವೇ ಸಿಗಲಿಲ್ಲ.

ಕೆ.ಆರ್. ಮಾರುಕಟ್ಟೆಯಲ್ಲಿ ಈರುಳ್ಳಿ ಮಾರುವವನ ತಕ್ಕಡಿಗೆ ತೂಕ-ಅಳತೆ ಇಲಾಖೆಯ ಸೀಲು ಬೇಕು, ಇಲ್ಲದಿದ್ದರೆ ದಂಡ. ನಿಮಗೆ ಲ್ಯಾಬ್‌ಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆಯೂ ಐಚ್ಛಿಕ! ವೆಲ್ಲೂರಿನ ಸಿಎಂಸಿ ಒಂದೇ ಮಾದರಿಯನ್ನು ನೂರಾರು ಲ್ಯಾಬ್‌ಗಳಿಗೆ ಕಳಿಸಿ ಪರೀಕ್ಷಿಸುತ್ತದೆ, ನಿಜ. ಆದರೆ ಇಂಥ ಯೋಜನೆಗಳಲ್ಲಿ ನಿಮ್ಮನ್ನು ಸಾಮಾನ್ಯವಾಗಿ ಹೋಲಿಸುವುದು ನಿಮ್ಮದೇ ವಿಧಾನದವರ ಜೊತೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಎಲ್ಲರೂ ಪಾಸು.

ಎಲ್ಲ ಲ್ಯಾಬೂ ಒಂದೇ ಅಂಕಿ ಹೇಳುವುದು ಆಗದ ಮಾತು ಎನ್ನಬೇಡಿ. ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ ಕೂಡ ಒಂದು ಕಾಲಕ್ಕೆ ಲ್ಯಾಬಿಗೊಂದು ಅಂಕಿ ಹೇಳುತ್ತಿತ್ತು. 1996ರಲ್ಲಿ ಅಮೆರಿಕದಲ್ಲಿ ಎನ್‌ಜಿಎಸ್‌ಪಿ ಎಂಬ ಏಕರೂಪತೆಯ ಕಾರ್ಯಕ್ರಮ ಶುರುವಾದ ಮೇಲೆ ಕಿಟ್ ಕಂಪನಿಗಳು ಒಂದು ಆಕರಕ್ಕೆ ಬಗ್ಗಿದವು.

ಆದ್ದರಿಂದ ಕೋರಿಕೆಗಳು ಇಷ್ಟೇ. ವರದಿಯಲ್ಲಿ ಯಂತ್ರ, ಕಿಟ್ ಎರಡರ ಹೆಸರೂ ಇರಲಿ. ದೇಶಕ್ಕೆಲ್ಲ ಒಂದೇ ಯೂನಿಟ್ ಸಾಕು. ಯಾವುದೋ ಹಳೆಯ ಕಿಟ್‌ನ ಗೆರೆಯನ್ನು ಹೊಸ ಯಂತ್ರದ ಅಂಕಿಗೆ ಹಚ್ಚಬೇಡಿ. ಕೂದಲುದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತೀರಾ ಎಂದು ಸೂಜಿ ಚುಚ್ಚುವ ಮೊದಲೇ ಕೇಳಿ. ಕೆಲವು ಯಂತ್ರಗಳು ಅದಕ್ಕೇ ದಾರಿ ತಪ್ಪುತ್ತವೆ.

ಇದೂ ಕಷ್ಟವೆಂದರೆ, ದಶಮಾಂಶದ ನಂತರದ ಎರಡನೇ ಅಂಕಿಯನ್ನಾದರೂ ಅಚ್ಚು ಹಾಕಬೇಡಿ. ಮೊದಲನೆಯದರ ಬಗ್ಗೆಯೇ ನಿಮ್ಮಲ್ಲಿ ಒಮ್ಮತವಿಲ್ಲ.

ಇತಿ,
ನಿಮ್ಮೆಲ್ಲರ ಕಾಯಂ ಗಿರಾಕಿ