ರಜೆ ನಮ್ಮದು, ಕುಯ್ಲು ಅವರದು

ಡಿಸೆಂಬರ್ ಇಪ್ಪತ್ತು ದಾಟಿತೆಂದರೆ ಬೆಂಗಳೂರಿನವರಿಗೆಲ್ಲ ಮಲೆನಾಡಿನ ನೆಂಟರು ನೆನಪಾಗುತ್ತಾರೆ. ವರ್ಷವಿಡೀ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸಿ ಕೈತೊಳೆದುಕೊಂಡವರು ಏಕಾಏಕಿ ಫೋನ್ ಮಾಡಿ, "ಅತ್ತೆ, ನಿಮ್ಮನ್ನ ನೋಡಿ ಎಷ್ಟು ದಿನ ಆಯ್ತು!" ಅನ್ನುತ್ತಾರೆ. ಸಕಲೇಶಪುರದ ಕಡೆಯ ನಮ್ಮತ್ತೆ ಪಳಗಿದವರು. "ಎಷ್ಟು ಜನ ಬರ್ತೀರಿ?" ಎಂದು ನೇರವಾಗಿ ಅಕ್ಕಿಯ ಲೆಕ್ಕಕ್ಕೇ ಇಳಿಯುತ್ತಾರೆ.

ಬೆಳಗಿನ ಜಾವ ನಾಲ್ಕಕ್ಕೇ ಹೊರಡುವುದೆಂದು ಪ್ರತಿ ವರ್ಷದ ತೀರ್ಮಾನ. ನೆಲಮಂಗಲದ ಜಾಮ್ ತಪ್ಪಿಸಬೇಕಲ್ಲ! ನಾಲ್ಕಕ್ಕೆ ಏಳುವುದು ಅಲಾರಾಂ ಒಂದೇ. ಚಿತ್ರಾನ್ನ ಡಬ್ಬಿಗೆ ಬಿದ್ದು, ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ಬೀದಿ ತುದಿಯಿಂದ ಒಮ್ಮೆ ವಾಪಸು ಬಂದು ಹೊರಡುವಷ್ಟರಲ್ಲಿ ಬಿಸಿಲೇರಿರುತ್ತದೆ. ನೆಲಮಂಗಲದಲ್ಲಿ ಇಡೀ ಬೆಂಗಳೂರು ನಮಗಾಗಿ ಕಾದು ನಿಂತಿರುತ್ತದೆ. ಫಾಸ್ಟ್ಯಾಗ್ ಕಡ್ಡಾಯವಾದದ್ದು 2021ರಲ್ಲಿ. ಅದಕ್ಕೆ ದುಡ್ಡು ಹಾಕಬೇಕೆಂದು ನಮ್ಮ ಭಾವನಿಗೆ ಹೊಳೆಯುವುದು ಇವತ್ತಿಗೂ ಟೋಲ್ ಗೇಟಿನ ಮುಂದೆಯೇ. ಯಡಿಯೂರಿನಲ್ಲಿ ಅಮ್ಮನಿಗೆ ಸಿದ್ಧಲಿಂಗೇಶ್ವರನ ದರ್ಶನ ಆಗಲೇಬೇಕು. ಹಾಸನ ದಾಟಿದೊಡನೆ ಎಸಿ ಆರಿಸಿ, ಗಾಜು ಇಳಿಸಿ, "ಆಹಾ, ಏನು ಗಾಳಿ!" ಅನ್ನುವುದು ಸಂಪ್ರದಾಯ. ಮುಂದಿನ ಲಾರಿಯ ಹೊಗೆ ಒಳಬಂದೊಡನೆ ಗಾಜು ಏರಿಸುವುದೂ ಸಂಪ್ರದಾಯವೇ. ತಿರುವುಗಳು ಶುರುವಾದವೋ, ನಿಂಬೆಹಣ್ಣು ಕೈಯಿಂದ ಕೈಗೆ ಹೊರಡುತ್ತದೆ. ಉಗುರಲ್ಲಿ ಗೀರು, ಮೂಸು, ಪಕ್ಕದವರಿಗೆ ಕೊಡು. ಮನೆ ಮುಟ್ಟುವಾಗ ಆ ಸಿಪ್ಪೆಯ ಮೇಲೆ ಇನ್ನೊಂದು ಗೀರಿಗೆ ಜಾಗ ಉಳಿದಿರುವುದಿಲ್ಲ.

ಇಷ್ಟು ಸಾಹಸ ಮಾಡಿ ಹೋಗಿ ಇಳಿಯುವುದೆಲ್ಲಿ? ಕಾಫಿ ಕುಯ್ಲಿನ ನಟ್ಟನಡುವೆ. ಅರೇಬಿಕಾ ಹಣ್ಣಾಗುವುದಕ್ಕೂ ಕ್ರಿಸ್‌ಮಸ್ ರಜೆಗೂ ಯಾವ ಜನ್ಮದ ನಂಟೋ! ಅವರಿಗದು ವರ್ಷದ ದುಡಿಮೆ ಕೈಗೆ ಬರುವ ಹೊತ್ತು. ಆಳು ಸಿಗುವುದಿಲ್ಲ, ಸಿಕ್ಕವರನ್ನು ಬಿಡುವಂತಿಲ್ಲ. ಕುಯ್ದ ಹಣ್ಣು ತಡಮಾಡದೆ ಪಲ್ಪರಿಗೆ ಬೀಳಬೇಕು. ಸಂಜೆಗೆ ತೂಕ, ಲೆಕ್ಕ, ಕೂಲಿ. ಅಕಾಲದ ಮೋಡ ಕಂಡರಂತೂ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಕಣಕ್ಕೆ ಓಡಬೇಕು. ಅಂಥ ಕಣದಲ್ಲಿ ಹರವಿದ ಕಾಫಿಯ ಮೇಲೆ ನಾವು ಚಪ್ಪಲಿ ಕಾಲಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತೇವೆ. ಮಾವ ಒಂದು ಮಾತೂ ಆಡುವುದಿಲ್ಲ. ಹಲಗೆ ತಂದು ನಮ್ಮ ಹೆಜ್ಜೆಗಳ ಮೇಲೆ ಮೆಲ್ಲಗೆ ಕಾಫಿ ಎಳೆಯುತ್ತಾರೆ. "ಇಲ್ಲಿ ನಿಮಗೇನು ಮಾವ, ಟೆನ್ಷನ್ನೇ ಇಲ್ಲ ಬಿಡಿ" ಎಂದರು ನಮ್ಮ ಭಾವ, ಮೂರನೆಯ ಅಕ್ಕಿರೊಟ್ಟಿ ಮುರಿಯುತ್ತಾ. ಮಾವ ಆಗ ಆಕಾಶ ನೋಡುತ್ತಿದ್ದರು.

ಮರುದಿನ ಬೇಲೂರು ಆಗಲೇಬೇಕು. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ, ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ ಎಂದು ನಾನು ಕಾರಿನಲ್ಲಿ ಉಪನ್ಯಾಸ ಕೊಟ್ಟೆ. "ಅಲ್ಲಿ ಗೋಬಿ ಸಿಗುತ್ತಾ?" ಎಂದು ಹಿಂದಿನ ಸೀಟಿನ ಪ್ರಶ್ನೆ. ಒಳಗೆ ಹೋದರೆ ಶಿಲಾಬಾಲಿಕೆಯ ಕೆಳಗೆ ನಿಂತವರು ಯಾರು? ನಮ್ಮದೇ ಅಪಾರ್ಟ್‌ಮೆಂಟಿನ ಮೇಲಿನ ಮನೆಯವರು! ಲಿಫ್ಟಿನಲ್ಲಿ ಎದುರಾದರೆ ಮೊಬೈಲ್ ನೋಡುವ ಮಹಾನುಭಾವರು ಇಲ್ಲಿ ಒಡಹುಟ್ಟಿದವರ ಹಾಗೆ ತಬ್ಬಿಕೊಂಡರು. ಬೆಂಗಳೂರಿನ ಕಾಟ ತಪ್ಪಿಸಿಕೊಳ್ಳಲು ಬಂದೆವೆಂದರು. ಅವರ ಪಾಲಿನ ಬೆಂಗಳೂರು ನಾವೇ ಇರಬೇಕು.

ಹೊರಡುವ ದಿನ ಡಿಕ್ಕಿ ಮುಚ್ಚುವುದಿಲ್ಲ. ಬಾಳೆಗೊನೆ, ಕಾಫಿಪುಡಿ, ಹೋದ ವರ್ಷದ ಕಾಳುಮೆಣಸು ಎಲ್ಲವನ್ನೂ ಅತ್ತೆ ತುರುಕುತ್ತಾರೆ. "ಇನ್ನೆರಡು ದಿನ ಇದ್ದು ಹೋಗಬಹುದಿತ್ತು" ಅನ್ನುವಾಗ ಅವರ ಒಂದು ಕೈ ಆಗಲೇ ಗೇಟಿನ ಚಿಲಕದ ಮೇಲಿರುತ್ತದೆ.

ನಾವೂ "ನೀವೂ ಬನ್ನಿ" ಅಂದು ಬರುತ್ತೇವೆ. ಅವರು ಬಂದೇ ಬರುತ್ತಾರೆ. ಅವರ ಬಿಡುವು ಜುಲೈಗೆ, ಜಡಿಮಳೆಯಲ್ಲಿ ತೋಟಕ್ಕೆ ಕಾಲಿಡಲಾಗದಾಗ. ಕಣ್ಣು ಡಾಕ್ಟರಿಗೆ ತೋರಿಸಬೇಕು, ಸೀರೆ ತೆಗೆಯಬೇಕು. ಮಕ್ಕಳಿಗೆ ಟೆಸ್ಟು, ನನಗೆ ಮನೆಯಿಂದಲೇ ಆಫೀಸಿನ ಮೀಟಿಂಗು. ಕಳೆದ ಸಲ ಸಾಹೇಬರು ಟಾರ್ಗೆಟ್ ವಿಚಾರಕ್ಕೆ ಜಾಡಿಸುತ್ತಿದ್ದಾಗ ಮಾವ ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತರು. ಎರಡು ಗುಟುಕು ಹೀರಿ, "ಕೂತಲ್ಲೇ ಸಂಬಳ. ನಿನಗೇನಪ್ಪ, ಟೆನ್ಷನ್ನೇ ಇಲ್ಲ" ಎಂದರು.

ಮೈಕು ಆನ್ ಆಗಿತ್ತು.