ಅರ್ಧ ಬೆಲೆಯ ದ್ವೀಪ

ಬೀಚ್ ಕಾಟೇಜು ಅರ್ಧ ಬಾಡಿಗೆಗೆ ಸಿಕ್ಕಿತೆಂದು ತೀರ್ಥಹಳ್ಳಿಯ ದಂಪತಿ ಜೂನ್‌ನಲ್ಲಿ ಅಂಡಮಾನಿಗೆ ಹೊರಟರು. ಊರಿನ ಮಳೆಯಿಂದ ತಪ್ಪಿಸಿಕೊಳ್ಳುವ ಆಸೆ ಬೇರೆ! ಮುಂಗಾರು ಕೇರಳಕ್ಕಿಂತ ಮುಂಚೆ, ಮೇ ತಿಂಗಳಲ್ಲೇ, ಆ ದ್ವೀಪಗಳಲ್ಲಿ ಹಾಜರಿ ಹಾಕುತ್ತದೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ರಿಯಾಯಿತಿಯ ಗದ್ದಲದಲ್ಲಿ ಕೇಳಿಸಿರಲಿಲ್ಲ.

ಸ್ವರಾಜ್ ದ್ವೀಪ, ಅಂದರೆ 2018ರವರೆಗಿನ ಹ್ಯಾವ್‌ಲಾಕ್. ರಿಸಾರ್ಟಿನಲ್ಲಿ ಇವರಿಬ್ಬರು, ಒಬ್ಬ ಮಾಣಿ, ಒಂದು ನಾಯಿ. ಮೆನುವಿನಲ್ಲಿ ಬೆರಳಿಟ್ಟಲ್ಲೆಲ್ಲ ‘ಸೀಸನ್‌ನಲ್ಲಿ ಮಾತ್ರ ಸಾರ್’. ಕೊನೆಗೆ ಬಂದದ್ದು ಮ್ಯಾಗಿ. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಡಿಚಿಟ್ಟ ಹಂಸ ತೇವಕ್ಕೆ ಕತ್ತು ಬಾಗಿಸಿ ಕೂತಿತ್ತು.

2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮವೆಂದು ಹೊಗಳಿದ ರಾಧಾನಗರ ಬೀಚಿನಲ್ಲಿ ಕೆಂಪು ಬಾವುಟ. ಪಶ್ಚಿಮಕ್ಕೆ ಮುಖ ಮಾಡಿದ ತೀರವಾದ್ದರಿಂದ ನೈಋತ್ಯ ಮಾರುತದ ಅಲೆಗಳು ನೇರ ಎದೆಗೇ ಬರುತ್ತವೆ. ಸೂರ್ಯಾಸ್ತವನ್ನಾದರೂ ನೋಡೋಣವೆಂದು ಚಹಾ ಮುಗಿಸಿ ಆರೂವರೆಗೆ ಹೊರಟರೆ ಕತ್ತಲು! ಗಡಿಯಾರ ಇಡೀ ದೇಶದ್ದು, ಸೂರ್ಯ ಮಾತ್ರ ಅಲ್ಲಿಯವನು. ಜೂನ್‌ನಲ್ಲಿ ಐದರ ಸುಮಾರಿಗೆ ಎದ್ದು, ಸಂಜೆ ಐದೂಮುಕ್ಕಾಲಕ್ಕೆ ಮಲಗಿಬಿಡುತ್ತಾನೆ.

ಮರುದಿನ ಗಾಳಿಗೆ ಫೆರ್ರಿ ರದ್ದು.

ಊರಿಗೆ ಫೋನ್ ಮಾಡಿದರೆ ಅತ್ತೆ ಉತ್ಸಾಹದಲ್ಲಿದ್ದರು: “ಇಲ್ಲಿ ಮೂರು ದಿನದಿಂದ ಒಳ್ಳೇ ಬಿಸಿಲು ಕಣೇ, ಹಲಸಿನ ಹಪ್ಪಳ ಗರಿಗರಿಯಾಗಿ ಒಣಗಿದೆ.”