ರಿಪೇರಿ ರಾಯರು

ಅಂಧೇರಿ, ಬೊರಿವಲಿ ಕಡೆಯ ಕನ್ನಡ ಕಾರ್ಯಕ್ರಮಗಳಿಗೆ ಹೋಗುವವರಿಗೆ ರಾಯರ ಪರಿಚಯ ಇದ್ದೇ ಇರುತ್ತದೆ. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮೂವರು ಗೆಳೆಯರ ಜತೆ ಪಾಲು ಹಾಕಿ ಕೊಂಡ ಹಾಯಿದೋಣಿಯೊಂದರ ಕಾಲು ಭಾಗದ ಒಡೆಯರು. ಸೋರುವುದು ಅದೇ ಕಾಲು ಭಾಗ ಎಂದು ಉಳಿದ ಮೂವರ ದೂರು.

"ದೋಣಿ ಹೇಗಿದೆ ರಾಯರೇ?"

"ರಿಪೇರಿಯಲ್ಲಿದೆ ಮಾರಾಯ್ರೇ. ಮಿಸ್ತ್ರಿ ಇನ್ನೆರಡು ದಿನ ಅಂದಿದ್ದಾನೆ."

ಮುಂಬಯಿ ಬಂದರಿನಲ್ಲಿ ಹಾಯಿದೋಣಿಗಳ ಹಂಗಾಮು ಅಕ್ಟೋಬರಿನಿಂದ ಮೇವರೆಗೆ. ಮಳೆಗೆ ಮುಂಚೆ ದಡಕ್ಕೆತ್ತುತ್ತಾರೆ. ಕೆರೆಯುವುದು, ಬಿರುಕು ತುಂಬುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ರಾಯರ ದೋಣಿಯೂ ಹಾಗೇ ಮೇಲೇರಿತು. ಇಳಿದದ್ದನ್ನು ಕಂಡವರಿಲ್ಲ. ಫೈಬರ್ ಒಣಗಲು ಬಿಸಿಲಿಲ್ಲ ಎಂದ ಮಿಸ್ತ್ರಿ, ಬಿಸಿಲು ಬಂದಾಗ ಗಣಪತಿ ಹಬ್ಬಕ್ಕೆಂದು ಊರಿಗೆ ಹೋದ.

ಅಷ್ಟಕ್ಕೇ ಮನೆಯಲ್ಲಿ ಕೂರುವ ಪೈಕಿ ಅಲ್ಲ ರಾಯರು. ಸಮುದ್ರದ ತಪಾಸಣೆ ಈಗ ದಡದಿಂದಲೇ. ಬೆಳಗಿನ ಜಾವ, 1875ರಲ್ಲಿ ಕಟ್ಟಿದ ಸಸೂನ್ ಡಾಕಿನ ಮೀನು ಹರಾಜಿನ ನಡುವೆ ನಿಂತು ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ವಿವರಿಸುತ್ತಾರೆ. ಆ ಜಾಗದಲ್ಲಿ ಅದನ್ನು ತಿಳಿಯಲು ಮೂಗು ಸಾಕು. ವರ್ಸೋವಾದಲ್ಲಿ ಬಿದಿರ ಗಳುಗಳಿಗೆ ಒಣಹಾಕಿದ ಬೊಂಬಿಲ್ ನೋಡಿಕೊಂಡು ಮಡ್‌ಗೆ ಫೆರಿ ಹತ್ತುತ್ತಾರೆ. ಕೆಲವೇ ನಿಮಿಷದ ದಾರಿ. ರಸ್ತೆ ಹಿಡಿದರೆ ಮಲಾಡ್ ಸುತ್ತಬೇಕು. ಅಷ್ಟರಲ್ಲೇ ಫೆರಿ ನಡೆಸುವವನಿಗೆ ಭರತ-ಇಳಿತದ ಪಾಠ: ದಿನಕ್ಕೆ ಎರಡು ಭರತ, ಪ್ರತಿದಿನ ಸುಮಾರು 50 ನಿಮಿಷ ತಡ. ಆ ಖಾಡಿಯಲ್ಲೇ ಬೆಳೆದ ಆತ ವಿನಯದಿಂದ ತಲೆದೂಗುತ್ತಾನೆ. ಟಿಕೆಟಿನ ದುಡ್ಡು ಮಾತ್ರ ಬಿಡುವುದಿಲ್ಲ.

ವರ್ಲಿ ಕೋಲಿವಾಡದಲ್ಲಂತೂ ಮಾತಿಗೆ ಲಂಗರೇ ಇಲ್ಲ. ಅಲ್ಲಿ ಕೋಸ್ಟಲ್ ರೋಡ್ ಸೇತುವೆಯ ಕಂಬಗಳ ನಡುವೆ ಮೊದಲು 60 ಮೀಟರ್ ಅಂತರವೆಂದು ಗೊತ್ತುಮಾಡಿದ್ದರು. ದೋಣಿ ದಾಟಿಸುವುದು ಅಪಾಯ ಎಂದು ಮೀನುಗಾರರು ಪಟ್ಟು ಹಿಡಿದು, 2022ರ ಕೊನೆಗೆ ಅದನ್ನು 120 ಮೀಟರಿಗೆ ಒಪ್ಪಿಸಿದರು. ಅವರದು ಹೊಟ್ಟೆಪಾಡಿನ ಹೋರಾಟ, ನ್ಯಾಯವಾದದ್ದೇ. ಎದೆಯುಬ್ಬಿಸುವವರು ಮಾತ್ರ ರಾಯರು. ಅವರ ದೋಣಿಗೆ 12 ಮೀಟರ್ ಧಾರಾಳವಾಯಿತು, ನೀರಿಗಿಳಿದರೆ.

ಒಂದು ಮಾತು ಒಪ್ಪಬೇಕು. ದೋಣಿ ನೆಟ್ಟಗಿರುವ ಹಾಯಿದೋಣಿ ಕ್ಲಬ್ಬಿನವರು ಗೇಟ್‌ವೇಯಿಂದ ಮಾಂಡವಾ ಕಡೆಗೊಮ್ಮೆ ಹೋಗಿ ಬಂದರೆ ಮುಗಿಯಿತು. ರಾಯರಿಗೆ ಕೊಲಾಬಾದಿಂದ ಗೋರಾಯಿವರೆಗಿನ ಒಂದೊಂದು ಜೆಟ್ಟಿಯ ಚಹಾದಂಗಡಿಯೂ ಗೊತ್ತು. ಬರುವ ರವಿವಾರ ಮಾರ್ವೆಯಿಂದ ಮನೋರಿಗೆ ಹೊರಟಿದ್ದಾರೆ. ಜತೆಗೆ ಹೋಗುವವರು ಫೆರಿಗೆ ಚಿಲ್ಲರೆ ಇಟ್ಟುಕೊಳ್ಳಿ, ಮಿಸ್ತ್ರಿಯ ಸುದ್ದಿ ಎತ್ತಬೇಡಿ.